ಸ್ನ್ಯಾಪ್‌ಶಾಟ್ ಡಿಲೀಟ್ 99ರಲ್ಲಿ ನಿಂತಿದ್ದರೆ ಸರ್ವರ್ ಆಫ್ ಮಾಡಬೇಡಿ

ಅಣ್ಣಾ, ಬೆಳಿಗ್ಗೆಯೇ ನಿಮ್ಮ ಪ್ರಶ್ನೆ ನೋಡಿದೆ. ಇಲ್ಲಿ ಸೋಮವಾರಪೇಟೆ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರಲಿಲ್ಲ, ಅದಕ್ಕೆ ತಡವಾಯಿತು. ನೀವು ಹೇಳಿದ್ದು ಇಷ್ಟು: ಗೋಣಿಕೊಪ್ಪದ ಆಫೀಸಿನಲ್ಲಿ ಇಎಸ್‌ಎಕ್ಸ್‌ಐ (ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರ್ ಓಡಿಸುವ ವಿಎಂವೇರ್ ಸಾಫ್ಟ್‌ವೇರ್) ಹಾಕಿದ ಸರ್ವರ್, ಅದರಲ್ಲಿ ಟ್ಯಾಲಿ ಇರುವ ವಿಂಡೋಸ್ ವಿಎಂ, ಅಂದರೆ ಸರ್ವರಿನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗುವ ಮೊದಲು ಅಪ್‌ಡೇಟ್‌ಗೆ ಅಂತ ಸ್ನ್ಯಾಪ್‌ಶಾಟ್ ತೆಗೆದಿರಿ, ಅದು ಈ ಮಳೆಗಾಲದವರೆಗೂ ಹಾಗೇ ಉಳಿಯಿತು. ನಿನ್ನೆ ಸಂಜೆ ಡಿಲೀಟ್ ಒತ್ತಿದಿರಿ, ರಾತ್ರಿಯಿಡೀ ಶೇಕಡಾ 99ರಲ್ಲೇ ನಿಂತಿದೆ. ಸರ್ವರ್ ಆಫ್ ಮಾಡಿ ಆನ್ ಮಾಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಮೊದಲು ಜನರೇಟರಿಗೆ ಡೀಸೆಲ್ ಇದೆಯಾ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ, ಅಷ್ಟು ನೋಡಿಕೊಳ್ಳಿ. ಈ ಕೆಲಸ ಅರ್ಧದಲ್ಲಿರುವಾಗ ಪವರ್ ಹೋದರೆ ಡಿಸ್ಕ್ ಫೈಲುಗಳ ಸರಪಳಿ ಮುರಿಯುವ ಅಪಾಯ ಇದೆ.

ಡಿಲೀಟ್ ಅನ್ನುವ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ತೋಟದ ರೈಟರು ಚೆಕ್‌ರೋಲ್‌ಗೆ (ಆಳುಗಳ ಹಾಜರಿ ಪುಸ್ತಕ) ಬೀಗ ಹಾಕಿಟ್ಟು, ಆರು ತಿಂಗಳ ಹಾಜರಿಯನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದರು ಅಂದುಕೊಳ್ಳಿ. ಸ್ನ್ಯಾಪ್‌ಶಾಟ್ ಅಂದರೆ ಅದೇ. ತೆಗೆದ ದಿನದಿಂದ ಮೂಲ ಡಿಸ್ಕನ್ನು ಯಾರೂ ಮುಟ್ಟುವುದಿಲ್ಲ, ಹೊಸ ಬರಹ ಎಲ್ಲ ಡೆಲ್ಟಾ ಅನ್ನುವ ಬೇರೆ ಫೈಲಿಗೆ ಹೋಗುತ್ತದೆ. ಡಿಲೀಟ್ ಒತ್ತಿದರೆ ನೋಟ್‌ಬುಕ್ ಹರಿದು ಎಸೆಯುವುದಿಲ್ಲ, ಅದರಲ್ಲಿ ಇದ್ದದ್ದನ್ನೆಲ್ಲ ಚೆಕ್‌ರೋಲ್‌ಗೆ ಇಳಿಸುತ್ತದೆ. ಹಾಗಾಗಿ ಡೆಲ್ಟಾ ಎಷ್ಟು ದೊಡ್ಡದೋ ಕೆಲಸ ಅಷ್ಟು ಜಾಸ್ತಿ.

ಲೆಕ್ಕ ಹಾಕಿ ನೋಡಿ. ಡೆಲ್ಟಾ 380 ಜಿಬಿ ಇದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 20 ಎಂಬಿ ಇಳಿದರೂ ಐದೂವರೆ ಗಂಟೆ ಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ, ಜನ ಟ್ಯಾಲಿಯಲ್ಲಿ ಎಂಟ್ರಿ ಹಾಕುತ್ತಿರುವಾಗ, ಅದು 10ಕ್ಕೂ ಇಳಿಯಬಹುದು. ಆಗ ಹತ್ತು ಗಂಟೆ ದಾಟುತ್ತದೆ. ಪರದೆಯ 99 ಅನ್ನುವ ಅಂಕಿಯನ್ನು ನಂಬಬೇಡಿ. ಅಲ್ಲಿಗೆ ಬೇಗ ಬಂದು, ನಿಜವಾದ ಕೆಲಸ ಅಲ್ಲೇ ನಡೆಯುವುದು ಮಾಮೂಲು.

ಕೆಲಸ ಸಾಗುತ್ತಿದೆಯಾ ಅಂತ ತಿಳಿಯಲು ಹೋಸ್ಟಿನ (ಇಎಸ್‌ಎಕ್ಸ್‌ಐ ಸರ್ವರಿನ) ಮಾನಿಟರ್ ಪುಟದಲ್ಲಿ ಡಿಸ್ಕ್ ಗ್ರಾಫ್ ತೆರೆಯಿರಿ. ಓದು, ಬರಹ ಎರಡೂ ಏರಿಳಿಯುತ್ತಿದ್ದರೆ ಸುಮ್ನೆ ಕಾಯಿರಿ. ಜೊತೆಗೆ ವಿಎಂ ಫೈಲುಗಳು ಇರುವ ಡೇಟಾಸ್ಟೋರ್‌ನಲ್ಲಿ ಖಾಲಿ ಜಾಗ ಎಷ್ಟಿದೆ ನೋಡಿ. ವಿಎಂ ಓಡುತ್ತಿರುವಾಗ ಡಿಲೀಟ್ ನಡೆದರೆ ಇನ್ನೂ ಸ್ವಲ್ಪ ಜಾಗ ಬೇಕಾಗಬಹುದು. ಡಿಸ್ಕ್ ಥಿನ್ (ಬಳಸಿದಷ್ಟೇ ಜಾಗ ಹಿಡಿಯುವ ಬಗೆ) ಆಗಿದ್ದರೆ ಮೂಲ ಫೈಲೂ ಬೆಳೆಯುತ್ತದೆ. ಜಾಗ ತುಂಬಿದರೆ ವಿಎಂ ನಿಂತುಬಿಡುತ್ತದೆ. ಆದರೆ ಜಾಗ ಮಾಡಲು ಅಂತ ಡೆಲ್ಟಾ ಫೈಲನ್ನು ಮಾತ್ರ ಕೈಯಾರೆ ಅಳಿಸಬೇಡಿ. ನಿಮ್ಮ ಆರು ತಿಂಗಳ ಲೆಕ್ಕ ಇರುವುದೇ ಅದರಲ್ಲಿ. ಹಳೆಯ ಐಎಸ್‌ಒ ಫೈಲುಗಳಿದ್ದರೆ (ಇನ್‌ಸ್ಟಾಲ್ ಸಿಡಿಯ ಪ್ರತಿಗಳು) ಅವನ್ನು ತೆಗೆಯಿರಿ.

ಈಗ ನನಗೆ ಆದದ್ದು ಹೇಳುತ್ತೇನೆ, ನಿಮಗೂ ಇದೇ ಇರಬಹುದು ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ನಮ್ಮಲ್ಲಿ 100 ಜಿಬಿ ಡೆಲ್ಟಾ ಇಳಿಯಲು ಒಂದು ರಾತ್ರಿ, ಮರುದಿನ ಮಧ್ಯಾಹ್ನದವರೆಗೂ ಹಿಡಿಯಿತು. ಡಿಸ್ಕ್ ಹಾಳಾಗಿದೆ ಅಂದುಕೊಂಡಿದ್ದೆ. ಕೊನೆಗೆ ಸಿಕ್ಕಿದ್ದು ರೇಡ್ ಕಾರ್ಡಿನ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಕಾರ್ಡು) ಬ್ಯಾಟರಿ. ಅದು ಸತ್ತುಹೋಗಿತ್ತು. ಬ್ಯಾಟರಿ ಇಲ್ಲದಿದ್ದರೆ ಕಾರ್ಡು ಬರಹವನ್ನು ತನ್ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿ) ಇಟ್ಟುಕೊಳ್ಳುವ ಧೈರ್ಯ ಮಾಡುವುದಿಲ್ಲ, ಒಂದೊಂದನ್ನೂ ನೇರ ಡಿಸ್ಕಿಗೆ ಬರೆದು ಮುಗಿಸಿಯೇ ಮುಂದೆ ಹೋಗುತ್ತದೆ. ವೇಗ ಪೂರ್ತಿ ಕುಸಿಯುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಸರಿಹೋಯಿತು. ಡಿಲೀಟ್ ಮುಗಿದ ಮೇಲೆ ರೇಡ್ ಸೆಟ್ಟಿಂಗ್‌ನಲ್ಲಿ ರೈಟ್ ಬ್ಯಾಕ್ (ಕ್ಯಾಶ್‌ನಲ್ಲಿ ಇಟ್ಟು ಬರೆಯುವುದು) ಇದೆಯಾ, ರೈಟ್ ಥ್ರೂಗೆ (ನೇರ ಡಿಸ್ಕಿಗೆ ಬರೆಯುವುದು) ಇಳಿದಿದೆಯಾ ನೋಡಿ. ಹೋಸ್ಟಿನ ವೇಗ ತೋರಿಸುವ ಇಎಸ್‌ಎಕ್ಸ್‌ಟಾಪ್ ಕಮಾಂಡ್ ಗೊತ್ತಿದ್ದರೆ ಅದರಲ್ಲಿ ಡಿಎವಿಜಿ ಅನ್ನುವ ಕಾಲಂ ಇದೆ, ಡಿಸ್ಕ್ ಉತ್ತರ ಕೊಡಲು ತೆಗೆದುಕೊಳ್ಳುವ ಸಮಯ. 20-25 ಮಿಲಿಸೆಕೆಂಡ್ ಮೇಲೇ ನಿಂತಿದ್ದರೆ ತೊಂದರೆ ಇರುವುದು ಡಿಸ್ಕಿನ ಕಡೆ, ವಿಎಂನಲ್ಲಿ ಅಲ್ಲ.

ಗ್ರಾಫ್ ಪೂರ್ತಿ ಮಲಗಿದ್ದರೆ, ಅಥವಾ ಟಾಸ್ಕ್ ಮುಗಿದ ಮೇಲೂ ಕನ್ಸಾಲಿಡೇಶನ್ (ಉಳಿದ ಡೆಲ್ಟಾ ಸೇರಿಸುವುದು) ಬೇಕು ಅಂತ ಬಂದರೆ, ಬ್ಯಾಕಪ್ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ. ಬ್ಯಾಕಪ್ ವಿಎಂಗೆ ನಿಮ್ಮ ಟ್ಯಾಲಿ ಡಿಸ್ಕನ್ನು ತಗುಲಿಸಿ, ಮತ್ತೆ ಬಿಡಿಸದೇ ಉಳಿದಿರಬಹುದು. ಆಗ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಬ್ಯಾಕಪ್ ವಿಎಂನ ಸೆಟ್ಟಿಂಗ್ಸ್‌ನಿಂದ ಆ ಡಿಸ್ಕ್ ತೆಗೆಯಿರಿ. ಫೈಲನ್ನೂ ಅಳಿಸು ಅನ್ನುವ ಟಿಕ್ ಹಾಕಬೇಡಿ, ಎರಡು ಸಲ ನೋಡಿ ಒತ್ತಿ.

ಮುಂದಿನ ಸಲ ಸಂಜೆ ಎಲ್ಲರೂ ಹೋದ ಮೇಲೆ ವಿಎಂ ಶಟ್‌ಡೌನ್ ಮಾಡಿ ಡಿಲೀಟ್ ಕೊಡಿ. ಹೊಸ ಬರಹ ಇರುವುದಿಲ್ಲ, ಬೇಗ ಆಗುತ್ತದೆ. ಆದರೆ ಮುಗಿಯುವವರೆಗೆ ವಿಎಂ ಆನ್ ಆಗುವುದಿಲ್ಲ, ಬಟವಾಡೆಯ ಹಿಂದಿನ ದಿನ ಮಾತ್ರ ಬೇಡ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವಿಎಂವೇರ್‌ನವರೇ ಹೇಳುತ್ತಾರೆ. ಸರಪಳಿಯಲ್ಲಿ 32 ಸ್ನ್ಯಾಪ್‌ಶಾಟ್‌ವರೆಗೆ ಹಿಡಿಯುತ್ತದೆ, ಆದರೆ ಎರಡು ಮೂರಕ್ಕೆ ನಿಲ್ಲಿಸುವುದೇ ಸರಿ. ಸ್ನ್ಯಾಪ್‌ಶಾಟ್ ಇದೆ ಅಂತ ಬ್ಯಾಕಪ್ ಬಿಟ್ಟಿದ್ದರೆ ಇವತ್ತೇ ಟ್ಯಾಲಿ ಡೇಟಾವನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಡಿ, ವಿಎಂ ಓಡುತ್ತಿದೆ ಅಲ್ವಾ, ಈಗಲೂ ಮಾಡಬಹುದು. ಸ್ವಲ್ಪ ನಿಧಾನ ಆಗುತ್ತದೆ, ಪರವಾಗಿಲ್ಲ.

ಡೆಲ್ಟಾ ಫೈಲಿನ ಸೈಜ್, ಖಾಲಿ ಜಾಗ, ಡಿಸ್ಕ್ ಗ್ರಾಫಿನ ಫೋಟೋ, ಮೂರನ್ನೂ ಇಲ್ಲೇ ಹಾಕಿ. ರಾತ್ರಿ ಹತ್ತರವರೆಗೆ ನೋಡುತ್ತಿರುತ್ತೇನೆ.