ಗೋರಿ ಯಾರದೇ ಇರಲಿ, ನಕ್ಷೆಗೆ ಏರಲಿ

ಬೆಳಗಾವಿಯ ಟಿಳಕವಾಡಿಯ ಓದುಗರೊಬ್ಬರು ಸಿಟ್ಟಾಗಿ ಬರೆದಿದ್ದಾರೆ: "ಕಾಲೇಜು ಹುಡುಗರು ಕ್ಯಾಂಪಿನ ಹಳೇ ಸ್ಮಶಾನ ಸುತ್ತಿ ಬ್ರಿಟಿಷ್ ಸಿಪಾಯಿಗಳ ಗೋರಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಯಾರು ಬೇಕಾದರೂ ಮಾಹಿತಿ ಸೇರಿಸಬಹುದಾದ ಇಂಟರ್ನೆಟ್ ನಕ್ಷೆಗೆ ಹಾಕುತ್ತಿದ್ದಾರೆ. ನಮ್ಮನ್ನು ಆಳಿದವರ ಗೋರಿ ನಮಗ್ಯಾಕೆ? ಆಸ್ಪತ್ರೆ, ಬಸ್ ಸ್ಟಾಪ್ ಗುರುತಿಸಲಿ."

ಸರ್, ಬಸ್ ಸ್ಟಾಪ್ ಬೇಕು, ಒಪ್ಪಿದೆ. ಆದರೆ ಅದನ್ನು ಇವತ್ತಲ್ಲ ನಾಳೆ ಯಾರಾದರೂ ಹಾಕುತ್ತಾರೆ. ಗೋರಿಯ ಕಲ್ಲು ನಾಳೆಗೆ ಉಳಿಯುತ್ತದೆ ಅಂತ ಯಾರು ಹೇಳಬೇಕು? ನಾನೂ ಆ ಹುಡುಗರ ಜೊತೆ ಹೋಗಿದ್ದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬರೀ ನೀರು ಸುರಿದರು, ತಂತಿ ಬ್ರಷ್ ಮುಟ್ಟಲಿಲ್ಲ. ಸಂಜೆಯ ಓರೆ ಬಿಸಿಲು ಬಿದ್ದಾಗ ಅಕ್ಷರ ಒಂದೊಂದಾಗಿ ಎದ್ದು ಬಂದವು: ಹೆಸರು, ಪಲ್ಟನ್, ಕೊನೆಗೆ ಕಾಲರಾ. ಆ ಸಿಪಾಯಿ ಯಾವ ಯುದ್ಧದಲ್ಲೂ ಸತ್ತಿರಲಿಲ್ಲ.

ಹೆಸರು ಬರೆದಿಡದಿದ್ದರೆ ಏನಾಗುತ್ತದೆ ಅಂತ ಇರಾಕಿನ ಬಸ್ರಾ ಸ್ಮಾರಕ ನೋಡಿ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತ 40,000ಕ್ಕೂ ಜಾಸ್ತಿ ಜನರ ನೆನಪಿಗೆ ಕಟ್ಟಿದ್ದು ಅದು. ಅಧಿಕಾರಿಗಳ ಹೆಸರು ಕೆತ್ತಿದರು, ಭಾರತದ ಸಾಮಾನ್ಯ ಸಿಪಾಯಿಗಳಿಗೆ ಬರೀ ಸಂಖ್ಯೆ! ಮರಾಠಾ ಪಲ್ಟನ್‌ಗಳೂ ಆ ನೆಲದಲ್ಲಿ ಕಾದಾಡಿದ್ದವು, ಅವರ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ. ಸತ್ತವರೆಲ್ಲರನ್ನೂ ಸಮಾನವಾಗಿ ಕಾಣುತ್ತೇವೆ ಎಂದು 1917ರಲ್ಲಿ ಶುರುವಾದ ಬ್ರಿಟಿಷರ ಯುದ್ಧಸಮಾಧಿ ಆಯೋಗ ಈ ತಾರತಮ್ಯ ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ನಮ್ಮವರಿಗೆ ಆದದ್ದನ್ನು ನಾವು ಇನ್ನೊಬ್ಬರಿಗೆ ಮಾಡಬಾರದು, ಅಲ್ವಾ?

ನನ್ನ ಸಿಟ್ಟು ಬೇರೆ ಕಡೆ ಇದೆ. 1824ರಲ್ಲಿ ಕಿತ್ತೂರಿನಲ್ಲಿ ಸತ್ತ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಗೆ ಧಾರವಾಡದಲ್ಲಿ ಸ್ಮಾರಕ ಇದೆ. ಅದೇ ಕಾಳಗದಲ್ಲಿ ಕಿತ್ತೂರಿನ ಕಡೆ ಬಿದ್ದವರ ಗೋರಿ ಎಷ್ಟು ನಮಗೆ ಗೊತ್ತು? ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿ, 1831ರಲ್ಲಿ ಗಲ್ಲಿಗೇರಿದ ರಾಯಣ್ಣನ ಸಮಾಧಿ ನಂದಗಡದಲ್ಲಿ ಅಂತ ಹೇಳಬಲ್ಲೆವು. ಆಮೇಲೆ ಬಾಯಿ ಕಟ್ಟುತ್ತದೆ. ಪುತ್ಥಳಿ ಎಲ್ಲಿಡಬೇಕು ಅಂತ ಜಗಳಕ್ಕೆ ಊರೇ ಸೇರುತ್ತದೆ, ಹೊಲದ ಬದುವಿನಲ್ಲಿ ಮಗುಚಿ ಬಿದ್ದ ವೀರಗಲ್ಲಿನ ಫೋಟೊ ತೆಗೆಯಲು ಒಬ್ಬನೂ ಬರುವುದಿಲ್ಲ. ರಸ್ತೆ ಅಗಲ ಮಾಡುವವರು ಬಂದ ಮೇಲೆ ಕೇಳಿದರೆ ಏನು ಸಿಗುತ್ತದೆ, ಜಲ್ಲಿ!

ಈ ಕೆಲಸಕ್ಕೆ ಸರ್ಕಾರ ಬೇಡ, ದುಡ್ಡೂ ಬೇಡ. ಒಂದು ಮೊಬೈಲ್ ಸಾಕು. ಆ ನಕ್ಷೆಯಲ್ಲಿ ಸಮಾಧಿಗೆ, ಯುದ್ಧಸಮಾಧಿಗೆ, ಕಲ್ಲಿನ ಬರಹಕ್ಕೆ ಬೇರೆ ಬೇರೆ ಟ್ಯಾಗ್ ಇವೆ, ಕನ್ನಡ ಹೆಸರಿಗೆ ಪ್ರತ್ಯೇಕ ಜಾಗವೂ ಇದೆ. ಗೂಗಲ್ ಮ್ಯಾಪ್ ನೋಡಿ ನಕಲು ಹೊಡೆಯುವ ಹಾಗಿಲ್ಲ, ಹೋಗಿ ಕಣ್ಣಾರೆ ನೋಡಬೇಕು. ಮರದ ಕೆಳಗೆ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅದಕ್ಕೇ ಹತ್ತಿರದ ಗೋಡೆಯೋ ಬಾಗಿಲೋ ನೋಡಿ ಸರಿ ಮಾಡಿ.

ಸರ್, ನಿಮ್ಮಂಥ ಅಭಿಮಾನಿಗಳೇ ಈ ಕೆಲಸಕ್ಕೆ ಬೇಕು. ಹುಡುಗರನ್ನು ಬೈಯಬೇಡಿ, ನಿಮ್ಮ ಊರಿಗೆ ಕರೆದುಕೊಂಡು ಹೋಗಿ ಹಿರಿಯರ ಮುಂದೆ ಕೂರಿಸಿ. ಬಾಗಲಕೋಟೆ ಕಡೆಯ ಓದುಗರು ಹಲಗಲಿಯಿಂದ ಶುರು ಮಾಡಲಿ. ಆಯುಧ ಒಪ್ಪಿಸುವುದಿಲ್ಲ ಎಂದು 1857ರಲ್ಲಿ ತಿರುಗಿ ಬಿದ್ದ ಬೇಡರ ಊರು ಅದು. ಯಾರು ಎಲ್ಲಿ ಬಿದ್ದರು ಅಂತ ಅಲ್ಲಿಯ ಅಜ್ಜಂದಿರನ್ನು ಈ ಬೇಸಿಗೆಯಲ್ಲೇ ಕೇಳಿ ಬರೆದುಕೊಳ್ಳಿ.