ನಮ್ಮವರೇ ಇರುವ ಬಡಾವಣೆಯಲ್ಲಿ ಮನೆ ಮಾಡಿದರೆ ಹೊಸ ದೇಶದಲ್ಲಿ ಹಿಂದೆ ಬೀಳುತ್ತೇವಾ? ದೂರ ಇರೋದೇ ಒಳ್ಳೆಯದಾ?

ನಾನು ಬಿದ್ದಿದ್ದೆ, ನಾಲ್ಕು ವರ್ಷ. ಆದರೂ ಇವತ್ತು ಹೊಸದಾಗಿ ಹೋಗೋದಾದರೆ ಮೊದಲ ಮನೆ ಅಂಥ ಕಡೆಯೇ ಮಾಡುತ್ತೇನೆ.

ಇಳಿದ ಮೂರನೇ ದಿನ ಕೋಣೆ ಸಿಕ್ಕಿತು, ಎರಡನೇ ವಾರ ಕೆಲಸ. ಎರಡನ್ನೂ ಕೊಟ್ಟವರು ಒಬ್ಬರೇ. ನಮ್ಮ ಭಾಷೆಯವರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಬಾಡಿಗೆ ಮುರಿದುಕೊಂಡು ಉಳಿದ ಸಂಬಳ ಕೈಗೆ ಕೊಡುತ್ತಿದ್ದರು. ಕರಾರಿಲ್ಲ, ಪೇ ಸ್ಲಿಪ್ ಇಲ್ಲ. ನಮ್ಮವರ ಹತ್ತಿರ ಕಾಗದ ಕೇಳಿದರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ ಅಂತ ಸುಮ್ಮನಿದ್ದೆ.

ಇದನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ಕೇಳಿದವರೆಲ್ಲ 'ಓ, ಮೋಸ ಹೋದಿರಿ' ಅನ್ನುತ್ತಾರೆ. ಅಣ್ಣ ಒಂದು ಕಾಸೂ ಮೋಸ ಮಾಡಲಿಲ್ಲ. ಆದರೆ ಸಂಬಳ ಬ್ಯಾಂಕಿಗೆ ಬಾರದ್ದರಿಂದ ನನ್ನ ಆದಾಯಕ್ಕೆ ಸಾಕ್ಷಿ ಇರಲಿಲ್ಲ. ಕರಾರಿನಲ್ಲಿ ಹೆಸರಿಲ್ಲದ್ದರಿಂದ ವಿಳಾಸಕ್ಕೂ ಇರಲಿಲ್ಲ. ಬೇರೆ ಮನೆ ಕೇಳಿದರೆ ಹಿಂದಿನ ಮೂರು ತಿಂಗಳ ಪೇ ಸ್ಲಿಪ್ ತನ್ನಿ, ಹಳೆಯ ಮಾಲೀಕರ ಪತ್ರ ತನ್ನಿ ಅನ್ನುತ್ತಿದ್ದರು. ಬೇರೆ ಕೆಲಸಕ್ಕೆ ಅನುಭವ ಪತ್ರ. ಕೆಲಸ ಬಿಟ್ಟರೆ ಮನೆ ಹೋಗುತ್ತೆ, ಮನೆ ಬಿಟ್ಟರೆ ಕೆಲಸ. ಅವರ ವ್ಯಾಪಾರ ಮುಚ್ಚಿದ ವಾರ ಎರಡೂ ಹೋದವು. ನಾಲ್ಕು ವರ್ಷ ದುಡಿದವನು ದಾಖಲೆಯ ಲೆಕ್ಕದಲ್ಲಿ ನಿನ್ನೆ ಬಂದಿಳಿದವನು. ಬಡಾವಣೆ ತಪ್ಪಾಗಿರಲಿಲ್ಲ. ಮನೆ ಕೊಟ್ಟವರು, ಕೆಲಸ ಕೊಟ್ಟವರು, ನನ್ನ ಪರವಾಗಿ ಮಾತಾಡುವ ದುಭಾಷಿ, ಮೂರೂ ಆ ಅಣ್ಣ ಒಬ್ಬರೇ ಆಗಿದ್ದು ತಪ್ಪು.

ಆದ್ದರಿಂದ ಹತ್ತಿರವೋ ದೂರವೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸ್ವೀಡನ್ 1985ರಿಂದ ನಿರಾಶ್ರಿತರು ಒಂದೇ ಕಡೆ ಗುಂಪಾಗದಿರಲಿ ಅಂತ ಊರೂರಿಗೆ ಹಂಚಿತು. ಆ ಹಂಚಿಕೆಯನ್ನೇ ಬಳಸಿಕೊಂಡು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದ್ದು ಉಲ್ಟಾ: ಹೆಚ್ಚು ಓದದವರು ತಮ್ಮವರ ನಡುವೆ ಇದ್ದಾಗಲೇ ಹೆಚ್ಚು ಸಂಪಾದಿಸಿದರು, ಆ ಸಮುದಾಯ ಚೆನ್ನಾಗಿ ದುಡಿಯುವಂಥದ್ದಾದರೆ ಲಾಭ ಇನ್ನೂ ಜಾಸ್ತಿ. ಅಂದರೆ ಅಲ್ಲಿ ನಮ್ಮವರು ಎಷ್ಟಿದ್ದಾರೆ ಅನ್ನೋದಕ್ಕಿಂತ ಏನು ಮಾಡಿಕೊಂಡಿದ್ದಾರೆ ಅಂತ ವಿಚಾರಿಸಿ. ಜರ್ಮನಿಯ ವಲಸಿಗರ ಬಗ್ಗೆ ನಡೆದ ಅಧ್ಯಯನವೊಂದು ನನ್ನ ಕಥೆಯನ್ನೇ ಬರೆದಂತಿದೆ: ತಮ್ಮವರಿರುವ ಕಡೆ ಮೊದಲ ಕೆಲಸ ಬೇಗ ಸಿಗುತ್ತೆ, ಆದರೆ ಆಮೇಲೆ ಓದು, ತರಬೇತಿಯ ಕಡೆ ಹೋಗೋದು ಕಡಿಮೆಯಾಗುತ್ತೆ.

ದೂರ ಹೋಗುವ ಆಸೆಯಿದ್ದರೆ ಇದೂ ಗೊತ್ತಿರಲಿ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಪಸಂಖ್ಯಾತ ಜನಾಂಗದವರ ಪ್ರಮಾಣ ಕಡಿಮೆಯಿದ್ದ ಕಡೆಗಳಲ್ಲೇ ಅವರಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಹೆಚ್ಚಾಗಿ ಕಂಡಿತ್ತು. ಒಂಟಿತನ ಸಣ್ಣ ವಿಷಯವಲ್ಲ.

ಹೋದ ಮೊದಲ ವಾರವೇ ನಿಮ್ಮ ಹೆಸರಿನಲ್ಲೇ ಬ್ಯಾಂಕ್ ಖಾತೆಗೆ ಅರ್ಜಿ ಹಾಕಿ. ಕೆಲಸ ಕೊಟ್ಟವರು ಮತ್ತು ಮನೆ ಕೊಟ್ಟವರು ಬೇರೆ ಬೇರೆಯಾಗಿರಲಿ. ಆಗದಿದ್ದರೆ ಬಾಡಿಗೆ ಸಂಬಳದಲ್ಲಿ ಮುರಿಯಲು ಬಿಡಬೇಡಿ, ಪೂರ್ತಿ ಸಂಬಳ ಖಾತೆಗೆ ಬರಲಿ, ಬಾಡಿಗೆ ಬೇರೆಯಾಗಿ ಹೋಗಲಿ. ಭಾಷಾ ತರಗತಿಗೆ ಮೊದಲ ತಿಂಗಳೇ ಸೇರಿ. ಕೆಲಸ ಒಂದು ಹದಕ್ಕೆ ಬರಲಿ ಅಂತ ಕಾದರೆ ಆಗೋದಿಲ್ಲ, ಪಾಳಿ ಮುಗಿಸಿ ಬಂದವನಿಗೆ ನಿದ್ದೆ ಬಿಟ್ಟು ಬೇರೇನೂ ಬೇಡ.

ಆಸ್ಪತ್ರೆಗೆ ಪಕ್ಕದ ಮನೆಯವರನ್ನು ದುಭಾಷಿಯಾಗಿ ಕರೆದೊಯ್ಯಬೇಡಿ, ನಾಚಿಕೆಯ ಕಾಯಿಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಬರುತ್ತೀರಿ. ಮಕ್ಕಳಂತೂ ಬೇಡವೇ ಬೇಡ. ಆಸ್ಪತ್ರೆಯವರೇ ದುಭಾಷಿಯನ್ನು ಕೊಡುತ್ತಾರಾ ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ.

ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರು, ಪೂರ್ತಿ ವಿಳಾಸ, ಬಾಡಿಗೆ, ಮುಂಗಡ, ಬಿಡುವ ಮುನ್ನ ಎಷ್ಟು ದಿನ ಮೊದಲು ಹೇಳಬೇಕು ಅನ್ನೋದು, ಎರಡೂ ಕಡೆಯ ಸಹಿ ಇರಲಿ. ಮಾಲೀಕರು ಬೇಜಾರು ಮಾಡಿಕೊಂಡರೆ 'ನನಗೆ ವಿಳಾಸದ ಪುರಾವೆಗೆ ಬೇಕು ಅಣ್ಣ' ಅನ್ನಿ, ಅದು ಸುಳ್ಳೂ ಅಲ್ಲ. ಅದಕ್ಕೂ ಒಪ್ಪದಿದ್ದರೆ ಪ್ರತಿ ತಿಂಗಳು ಬ್ಯಾಂಕಿನಿಂದಲೇ ಹಣ ಕಳಿಸಿ, ವಿವರದ ಜಾಗದಲ್ಲಿ ತಿಂಗಳ ಹೆಸರು ಮತ್ತು ಬಾಡಿಗೆ ಅಂತ ಬರೆಯಿರಿ. ಕರಾರಿನಷ್ಟು ಗಟ್ಟಿಯಲ್ಲ, ಆದರೆ ನನ್ನ ಕೈಯಲ್ಲಿ ಅಷ್ಟೂ ಇರಲಿಲ್ಲ.