ಕಾರು ಟೈರ್ ಅಂಗಡಿಗೆ ಹತ್ತು ಸಾವಿರದೊಳಗೆ ಯಾವ ಏರ್ ಗನ್ ಕೊಳ್ಳಬಹುದು?

ಬರುವುದು ಹೆಚ್ಚಾಗಿ ಕಾರು ಮತ್ತು ಸಣ್ಣ ಸರಕು ಗಾಡಿಗಳು, ಹತ್ತು ಸಾವಿರ ದಾಟಬಾರದು, ದಿನವಿಡೀ ಕೆಲಸ ಮಾಡಬೇಕು ಎಂದಿದ್ದೀರಿ. ಹಾಗಿದ್ದರೆ ಗಾಳಿಯ ಬಲದಿಂದ ಚಕ್ರದ ನಟ್ ಬಿಚ್ಚಿ ಬಿಗಿಮಾಡುವ ಗನ್ನುಗಳಲ್ಲಿ ಅರ್ಧ ಇಂಚಿನ ಚೌಕ ತುದಿಯ, ಟ್ವಿನ್ ಹ್ಯಾಮರ್ (ಒಳಗೆ ಎರಡು ಸುತ್ತಿಗೆ ಬಡಿಯುವ) ಗನ್ ಸಾಕು. ಆದರೆ ಹೆದ್ದಾರಿ ಬದಿಯಲ್ಲಿ ಟೈರ್ ಅಂಗಡಿ ನಡೆಸುವವನಾಗಿ ಒಂದು ಮಾತು ಹೇಳುತ್ತೇನೆ: ಅಗ್ಗದ ಗನ್ನುಗಳ ಮೇಲೆ ಬರುವ ದೂರಿನಲ್ಲಿ ಅರ್ಧದಷ್ಟು ನಿಜವಾಗಿ ಗಾಳಿಯ ಪೈಪಿನ ತಪ್ಪು.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರ ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಎಂದು ಅಚ್ಚಾಗಿದ್ದರೆ ಮರುಳಾಗಬೇಡಿ. ಎಷ್ಟೋ ಸಲ ಅದು ನಟ್ ಬಿಚ್ಚುವ ದಿಕ್ಕಿನ ಗರಿಷ್ಠ ಲೆಕ್ಕ, ಅದೂ ಗನ್ನಿನ ಬಾಯಿಗೆ ಪೂರ್ತಿ ಗಾಳಿ ಸಿಕ್ಕಾಗ. ಸಾಮಾನ್ಯ ಕಾರಿನ ಚಕ್ರದ ನಟ್ಟಿಗೆ ಬೇಕಾದ ಬಿಗಿ ಸುಮಾರು 85ರಿಂದ 130 ನ್ಯೂಟನ್ ಮೀಟರ್. ತುಕ್ಕು ಹಿಡಿದ, ಯಾರೋ ಪೈಪು ತೊಡಿಸಿ ಕಾಲಿನಿಂದ ತುಳಿದು ಬಿಗಿಮಾಡಿದ ನಟ್ಟನ್ನು ಲೆಕ್ಕಕ್ಕೆ ಹಿಡಿದರೂ 500-600ರ ಗನ್ ಧಾರಾಳವಾಯಿತು.

ಇನ್ನು ಗಾಳಿ. ಬಹುತೇಕ ಗನ್ನುಗಳಿಗೆ ಕಂಪನಿಯವರು ಹೇಳುವ ಒತ್ತಡ 90 ಪಿಎಸ್‌ಐ. ಟ್ಯಾಂಕಿನ ಮೀಟರು 120 ತೋರಿಸುತ್ತಿದ್ದರೂ ಗನ್ನಿನ ಹತ್ತಿರ ಅಷ್ಟು ಇರುತ್ತದೆಂದು ತಿಳಿಯಬೇಡಿ. ಗಾಳಿ ಒಳಹೋಗುವ ಗನ್ನಿನ ಬಾಯಿಗೆ ಒಂದು ಟೀ (T ಆಕಾರದ ಪೈಪ್ ಜೋಡಣೆ) ಜೋಡಿಸಿ, ಅದಕ್ಕೊಂದು ಸಣ್ಣ ಗೇಜ್ ಹಾಕಿ, ಟ್ರಿಗರ್ ಒತ್ತಿ ಹಿಡಿದು ನೋಡಿ. ಕಾಲಿಂಚಿನ ಸುರುಳಿ ಪೈಪಾಗಿದ್ದರೆ ಮುಳ್ಳು ಜರ್ರನೆ ಇಳಿಯುತ್ತದೆ. ಹೋಸ್ ಪೈಪಿನ ಒಳ ಅಗಲ ಕನಿಷ್ಠ 10 ಮಿಲಿಮೀಟರ್ ಇರಲಿ, ಉದ್ದ ಬೇಕಾದಷ್ಟೇ ಇರಲಿ, ಪೈಪು ಜೋಡಿಸುವ ಕಪ್ಲರುಗಳೂ ದೊಡ್ಡ ರಂಧ್ರದವೇ ಆಗಿರಲಿ. ಸಾವಿರ ರೂಪಾಯಿ ಉಳಿದರೆ ಅದನ್ನು ಗನ್ನಿಗೆ ಸೇರಿಸುವುದಕ್ಕಿಂತ ಪೈಪಿಗೆ ಹಾಕಿ. ಕಂಪ್ರೆಸರ್ ಮೂರು ಎಚ್‌ಪಿಯದ್ದಾಗಿ ಟ್ಯಾಂಕು ದೊಡ್ಡದಿದ್ದರೆ ಚಿಂತೆಯಿಲ್ಲ. ಒಂದು ನಟ್ಟಿಗೆ ಎರಡು ಮೂರು ಸೆಕೆಂಡು ಹಿಡಿಯುವ ಕೆಲಸಕ್ಕೆ ಗಾಳಿ ಒದಗುತ್ತದೆ.

ಬ್ರ್ಯಾಂಡ್ ಕೇಳಿದ್ದೀರಿ. ಚಿಕಾಗೊ ನ್ಯೂಮ್ಯಾಟಿಕ್, ಇಂಗರ್ಸಾಲ್ ರ್‍ಯಾಂಡ್ ಒಳ್ಳೆಯವೇ, ಆದರೆ ಅವುಗಳ ಹೆಚ್ಚಿನ ಮಾದರಿಗಳು ನಿಮ್ಮ ಬಜೆಟ್ಟಿಗೆ ನಿಲುಕಲಾರವು. ಹತ್ತು ಸಾವಿರದೊಳಗಿನ ಗನ್ನಿನಲ್ಲಿ ನಾನು ಮೊದಲು ವಿಚಾರಿಸುವುದು ಬಿಡಿಭಾಗ. ಒಳಗೆ ಗಾಳಿಗೆ ತಿರುಗುವ ರೋಟರಿನ ವೇನುಗಳು (ತೆಳು ಪಟ್ಟಿಗಳು) ಸವೆಯುವುದು ಖಚಿತ, ಸಾಕೆಟ್ ಕೂರುವ ಚೌಕ ತುದಿಯ ಆನ್ವಿಲ್ ಕೂಡ ದುಂಡಗಾಗುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೋ ನಿಮ್ಮೂರಿನ ಟೂಲ್ಸ್ ಅಂಗಡಿಯಲ್ಲೋ "ಇದರ ವೇನ್ ಸೆಟ್ ತೋರಿಸಿ" ಎನ್ನಿ. ಪೊಟ್ಟಣ ಕೈಗೆ ಬಂದರೆ ಮುಂದಿನ ಮಾತು. "ತರಿಸಿಕೊಡೋಣ ಬಿಡಿ ಸಾರ್" ಎಂದರೆ ಆ ಗನ್ ಅಲ್ಲೇ ಇರಲಿ. ಜೊತೆಗೆ ಗನ್ನನ್ನು ಎತ್ತಿ ನೋಡಿ: ಎರಡು ಕಿಲೋ ಆಸುಪಾಸಿನ ಕಾಂಪೊಸಿಟ್ ಮೈಯದಕ್ಕೂ ಮೂರು ಕಿಲೋ ಹತ್ತಿರದ ಅಲ್ಯೂಮಿನಿಯಮ್ಮಿನದಕ್ಕೂ ಇರುವ ಅಂತರ ಬೆಳಿಗ್ಗೆ ತಿಳಿಯುವುದಿಲ್ಲ, ಸಂಜೆ ಮಣಿಕಟ್ಟು ಹೇಳುತ್ತದೆ.

ಬೆಳಿಗ್ಗೆ ಗಾಳಿ ಒಳಹೋಗುವ ತೂತಿಗೆ ನಾಲ್ಕೈದು ಹನಿ ಏರ್ ಟೂಲ್ ಆಯಿಲ್ ಬಿಡಿ. ಇಂಜಿನ್ ಆಯಿಲ್ ಬೇಡ, ಅದರ ಜಿಗುಟಿಗೆ ವೇನುಗಳು ಅಂಟಿಕೊಳ್ಳುತ್ತವೆ. ಟ್ಯಾಂಕಿನ ಕೆಳಗಿನ ನೀರನ್ನು ದಿನವೂ ಬಸಿಯಿರಿ; ಮಳೆಗಾಲದಲ್ಲಿ ಇದನ್ನು ಮರೆತ ಅಂಗಡಿಯ ಗನ್ನು ತುಕ್ಕಿನ ನೀರು ಉಗುಳುವುದನ್ನು ನೋಡಬೇಕು.

ಸಾಕೆಟ್ ಮಾತ್ರ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಆಗಬೇಕು, ಹೊಳೆಯುವ ಕ್ರೋಮಿನದು ಏಟಿಗೆ ಸೀಳಿ ಚೂರು ಹಾರುತ್ತದೆ. 17, 19, 21 ಮಿಲಿಮೀಟರಿನವು ಇದ್ದರೆ ಬಹುತೇಕ ಕಾರುಗಳಿಗೆ ನಡೆಯುತ್ತದೆ. ಅಲಾಯ್ ಚಕ್ರಕ್ಕೆ ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುವ ಸಾಕೆಟ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಗೀರಿನ ಜಗಳ ದಿನವೂ ಇರುತ್ತದೆ. ಬಿಗಿಮಾಡುವಾಗ ನಟ್ಟನ್ನು ಮೊದಲು ಕೈಯಿಂದ ಕೂರಿಸಿ, ಗನ್ನನ್ನು ಕಡಿಮೆ ವೇಗದಲ್ಲಿಟ್ಟು ಮುಟ್ಟಿಸಿ, ಕೊನೆಯ ಬಿಗಿಯನ್ನು ಟಾರ್ಕ್ ರೆಂಚಿನಿಂದಲೇ (ಬಿಗಿಯನ್ನು ಅಳೆದು ಕೊಡುವ ಸ್ಪ್ಯಾನರ್) ಕೊಡಿ.

ಮುಂದೆ ಲಾರಿ, ಬಸ್ಸು ಬರತೊಡಗಿದರೆ ಈ ಗನ್ನನ್ನು ಅದಕ್ಕೆ ದುಡಿಸಬೇಡಿ. ಆ ಸ್ಟಡ್ಡುಗಳಿಗೆ ಒಂದು ಇಂಚಿನ ಗನ್ನು, ಅದಕ್ಕೆ ತಕ್ಕ ಕಂಪ್ರೆಸರ್ ಬೇಕು; ಆ ಖರ್ಚಿನ ಲೆಕ್ಕವೇ ಬೇರೆ.